ಗಿಡ ಸೊಂಪು, ಗೆಡ್ಡೆ ಗೋಲಿಯಷ್ಟು: ಮನೆ ತೋಟಕ್ಕೆ ನಂಬಬಹುದಾದ ಆಲೂಗಡ್ಡೆ ತಳಿ ಯಾವುದು?

ಪ್ರಶ್ನೆ: ಮನೆ ಹಿಂದಿನ ಸಣ್ಣ ಜಾಗದಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದೇನೆ. ಮೊದಲ ಸಲ ಅಡುಗೆಗೆ ತಂದಿದ್ದರಲ್ಲಿ ಮೊಳಕೆ ಒಡೆದವನ್ನು ಕತ್ತರಿಸಿ ನೆಟ್ಟೆ. ಪರವಾಗಿಲ್ಲ ಅನ್ನುವಷ್ಟು ಬಂತು. ಅದರಲ್ಲಿ ಸಣ್ಣ ಸಣ್ಣವನ್ನು ಎತ್ತಿಟ್ಟುಕೊಂಡು ಮತ್ತೆ ನೆಟ್ಟೆ. ಈ ಸಲ ಕೋಳಿ ಗೊಬ್ಬರವನ್ನೂ ಧಾರಾಳವಾಗಿ ಹಾಕಿದ್ದೆ. ಅರ್ಧ ಗಿಡಗಳು ಸೊಂಟದೆತ್ತರ ಬೆಳೆದು ಕಡು ಹಸಿರಾಗಿ ನಿಂತವು. ಉಳಿದವು ಎಲೆ ಸುರುಟಿಕೊಂಡು ಕುಳ್ಳಗೇ ಉಳಿದವು. ಅಗೆದು ನೋಡಿದರೆ ಎಲ್ಲದರ ಬುಡದಲ್ಲೂ ಗೋಲಿ ಗಾತ್ರದ ಗೆಡ್ಡೆ. ಪ್ರತಿ ಸಲ ಕೈಕೊಡದೆ ಬರುವ ತಳಿ ಯಾವುದಾದರೂ ಇದೆಯಾ? ಚೀಲದಲ್ಲಿ ಪದರ ಪದರವಾಗಿ ಮಣ್ಣು ತುಂಬುತ್ತಾ ಹೋದರೆ ಜಾಸ್ತಿ ಗೆಡ್ಡೆ ಬಿಡುತ್ತವೆ ಅನ್ನುತ್ತಾರೆ. ಅದು ನಿಜವಾ?

ಉತ್ತರ: ತಳಿಗಳ ಹೆಸರು ಖಂಡಿತ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಆಲೂಗಡ್ಡೆಯಲ್ಲಿ ತಳಿ ಎಷ್ಟೇ ಒಳ್ಳೆಯದಿರಲಿ, ನೆಟ್ಟ ಗೆಡ್ಡೆಯೇ ರೋಗದ್ದಾದರೆ ಬೆಳೆ ಕೈಗೆ ಹತ್ತುವುದಿಲ್ಲ. ಸಾಧಾರಣ ತಳಿಯ ಆರೋಗ್ಯವಾದ ಗೆಡ್ಡೆ ನೆಟ್ಟವರಿಗೆ ಬುಟ್ಟಿ ತುಂಬುತ್ತದೆ. ಹೆಸರುವಾಸಿ ತಳಿಯ ನಂಜು (ವೈರಸ್) ಹತ್ತಿದ ಗೆಡ್ಡೆ ನೆಟ್ಟವರಿಗೆ ನಿಮಗೆ ಸಿಕ್ಕಿದ್ದೇ ಸಿಗುತ್ತದೆ. ಹಾಗಾಗಿ ಯಾವ ತಳಿ ಅನ್ನುವುದರ ಜೊತೆಗೇ ಎಂಥ ಬಿತ್ತನೆ ಗೆಡ್ಡೆ ಅಂತಲೂ ಕೇಳಬೇಕು. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ಪ್ರಶ್ನೆ.

ನಿಮ್ಮ ಪಾತಿಯಲ್ಲಿ ಎರಡು ಬಗೆಯ ಗಿಡಗಳಿದ್ದವು, ಅಲ್ವಾ? ಫಲ ಒಂದೇ ಆದರೂ ಅವುಗಳ ಕಾಯಿಲೆ ಬೇರೆ ಬೇರೆ.

ಮೊದಲು ಕುಳ್ಳ ಗಿಡಗಳನ್ನು ನೋಡೋಣ. ಎಲೆ ಸುರುಟಿದ್ದರೆ ಹೆಚ್ಚಿನ ಪಾಲು ಅದು ಎಲೆ ಸುರುಳಿ ನಂಜು ರೋಗ. ಮುಂದಿನ ಸಲ ಹೀಗೆ ಕಂಡರೆ ಬುಡದ ಹತ್ತಿರದ ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿ. ಅಂಚು ಮೇಲ್ಮುಖವಾಗಿ ಮಡಚಿಕೊಂಡಿರುತ್ತದೆ. ಎಲೆ ದಪ್ಪಗೆ, ಬಿರುಸಾಗಿರುತ್ತದೆ. ಮೆಲ್ಲಗೆ ಹಿಸುಕಿದರೆ ಕಾಗದದ ಹಾಗೆ ಗರಗರ ಅನ್ನುತ್ತದೆ. ನೀರಿಲ್ಲದೆ ಬಾಡಿದ ಎಲೆ ಹೀಗೆ ಸದ್ದು ಮಾಡುವುದಿಲ್ಲ, ಮೆತ್ತಗೆ ಜೋತು ಬೀಳುತ್ತದೆ. ಇನ್ನೊಂದು ನಂಜು ಇದೆ, ವೈ ವೈರಸ್ ಅನ್ನುತ್ತಾರೆ. ಅದು ಹತ್ತಿದರೆ ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ತೇಪೆಗಳು ಕಾಣುತ್ತವೆ. ಎಲೆ ನುಣುಪು ಕಳೆದುಕೊಂಡು ಸುಕ್ಕುಸುಕ್ಕಾಗುತ್ತದೆ. ಎರಡನ್ನೂ ಹರಡುವುದು ಸಸ್ಯಹೇನು. ಬಂದ ಮೇಲೆ ಎರಡಕ್ಕೂ ಔಷಧಿ ಇಲ್ಲ.

ಟೊಮೆಟೊ, ಬದನೆಯನ್ನು ಬೀಜದಿಂದ ಬೆಳೆಯುತ್ತೇವೆ. ತಾಯಿ ಗಿಡದ ಎಷ್ಟೋ ನಂಜುಗಳು ಬೀಜಕ್ಕೆ ದಾಟುವುದಿಲ್ಲ. ಆಲೂಗಡ್ಡೆ ಹಾಗಲ್ಲ. ಗೆಡ್ಡೆ ಅಂದರೆ ತಾಯಿ ಗಿಡದ ಕಾಂಡದ್ದೇ ಒಂದು ತುಂಡು. ಅದರ ಕಣ್ಣುಗಳು ಕಾಂಡದ ಮೇಲಿರುವಂಥ ಮೊಗ್ಗುಗಳೇ. ತಾಯಿಯಲ್ಲಿ ಏನಿತ್ತೋ ಅದೆಲ್ಲ ಗೆಡ್ಡೆಗೂ ಬರುತ್ತದೆ. ಒಂದು ಬೆಳೆಯಲ್ಲಿ ನಾಲ್ಕಾರು ಗಿಡಕ್ಕೆ ಹತ್ತಿದ ನಂಜು ಅದೇ ಗೆಡ್ಡೆ ಮತ್ತೆ ಮತ್ತೆ ನೆಟ್ಟಾಗ ಪಾತಿಗೆಲ್ಲ ಹರಡುತ್ತದೆ.

ನೀವು ಸಣ್ಣ ಗೆಡ್ಡೆಗಳನ್ನೇ ಆರಿಸಿ ಎತ್ತಿಟ್ಟೆ ಅಂದಿರಿ. ಎಲ್ಲರೂ ಮಾಡುವುದು ಹೀಗೇ. ದೊಡ್ಡದು ಅಡುಗೆಗೆ, ಸಣ್ಣದು ಬಿತ್ತನೆಗೆ. ಆದರೆ ಸ್ವಲ್ಪ ಯೋಚನೆ ಮಾಡಿ. ರಾಶಿಯಲ್ಲಿ ಸಣ್ಣ ಗೆಡ್ಡೆ ಜಾಸ್ತಿ ಬರುವುದು ಯಾವ ಗಿಡದಿಂದ? ನಂಜು ಹತ್ತಿದ ಗಿಡದಿಂದ. ಅಂದರೆ ರೋಗದ ಗಿಡದ ಸಂತಾನವನ್ನೇ ನಾವು ಹುಡುಕಿ ಹುಡುಕಿ ಮುಂದಿನ ಬೆಳೆಗೆ ಇಟ್ಟ ಹಾಗಾಯಿತು. ಆಲೂಗಡ್ಡೆ "ತಳಿ ಕೆಟ್ಟಿತು" ಅನ್ನುವ ಮಾತಿನ ಹಿಂದೆ ಬಹುತೇಕ ಇರುವುದು ಇದೇ. ತಳಿಗೆ ಏನೂ ಆಗಿರುವುದಿಲ್ಲ.

ಇನ್ನು ಸೊಂಟದೆತ್ತರದ ಗಿಡಗಳು. ಅವು ಆರೋಗ್ಯವಾಗೇ ಇದ್ದವು. ಗೆಡ್ಡೆ ಕಟ್ಟುವ ಹೊತ್ತಿನಲ್ಲಿ ಅವುಗಳಿಗೆ ಕಟ್ಟಬೇಕು ಅನ್ನುವ ಸೂಚನೆಯೇ ಸರಿಯಾಗಿ ಸಿಗಲಿಲ್ಲ, ಅಷ್ಟೇ. ಮಣ್ಣಿನೊಳಗೆ ಕಾಂಡದ ಬುಡದಿಂದ ಬಿಳಿ ದಾರದಂಥ ಕವಲುಗಳು ಅಡ್ಡಡ್ಡ ಹೊರಡುತ್ತವೆ. ಅವುಗಳ ತುದಿ ಊದಿಕೊಂಡರೆ ಅದೇ ಗೆಡ್ಡೆ. ತುದಿ ಊದಬೇಕಾದರೆ ಎಲೆಯಲ್ಲಿ ಹುಟ್ಟುವ ಒಂದು ಪ್ರೋಟೀನ್ ಕೆಳಗೆ ಇಳಿದು ಬರಬೇಕು. ತಂಪು ರಾತ್ರಿ, ಉದ್ದನೆಯ ಕತ್ತಲು, ಮಣ್ಣಿನಲ್ಲಿ ಅಳತೆ ಮೀರದ ಸಾರಜನಕ, ಈ ಮೂರೂ ಇದ್ದರೆ ಅದು ಚೆನ್ನಾಗಿ ಇಳಿಯುತ್ತದೆ. ರಾತ್ರಿ ಸೆಕೆ ಇದ್ದರೆ ಅದರ ತಯಾರಿಯೇ ಕಡಿಮೆ. ಜೊತೆಗೆ ಹಗಲು ಎಲೆ ತಯಾರಿಸಿದ ಸಕ್ಕರೆಯನ್ನು ಗಿಡ ರಾತ್ರಿ ಉಸಿರಾಟದಲ್ಲೇ ಸುಟ್ಟುಬಿಡುತ್ತದೆ. ಸಾರಜನಕ ಜಾಸ್ತಿಯಾದರೂ ಗಿಡದ ಗಮನವೆಲ್ಲ ಎಲೆಯ ಕಡೆಗೇ. ಕೋಳಿ ಗೊಬ್ಬರದಲ್ಲಿ ಸಾರಜನಕ ದಂಡಿಯಾಗಿರುತ್ತದೆ. ಸೊಪ್ಪಿನ ಪಾತಿಗೆ ಹಾಕಿದ್ದರೆ ನೀವು ಗೆದ್ದಿರುತ್ತಿದ್ದಿರಿ.

ರಾತ್ರಿಯ ತಾಪಮಾನ 12ರಿಂದ 18 ಡಿಗ್ರಿ ಇದ್ದರೆ ಗೆಡ್ಡೆ ಚೆನ್ನಾಗಿ ಕಟ್ಟುತ್ತದೆ. ರಾತ್ರಿ 22 ಡಿಗ್ರಿ ದಾಟಿದರೆ ಹೆಚ್ಚಿನ ತಳಿಗಳು ತಡವರಿಸುತ್ತವೆ. ಮಣ್ಣೇ 29-30 ಡಿಗ್ರಿಗೆ ಕಾದರೆ ಗೆಡ್ಡೆ ಕಟ್ಟುವುದು ಬಹುತೇಕ ನಿಂತೇ ಹೋಗುತ್ತದೆ. ಗಿಡ ಮಣ್ಣಿನಿಂದ ಮೇಲೆ ಬಂದ ಎರಡರಿಂದ ನಾಲ್ಕು ವಾರಗಳಲ್ಲಿ ಗೆಡ್ಡೆ ಕಟ್ಟಲು ಶುರುವಾಗುತ್ತದೆ. ನಾಟಿಯ ದಿನವನ್ನು ಈ ವಾರಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಗೊತ್ತು ಮಾಡಿಕೊಳ್ಳಿ. ನಿಮ್ಮಲ್ಲಿ ಅತಿ ತಂಪಾದ ಎರಡು ತಿಂಗಳು ಯಾವುವೋ ಅವು ಗೆಡ್ಡೆ ದಪ್ಪಗಾಗುವ ಕಾಲಕ್ಕೆ ಒದಗಬೇಕು. ಹಿಮ ಬೀಳುವ ಊರಾದರೆ ಲೆಕ್ಕ ಬೇರೆ. ಹಿಮದ ಕಾಟ ಮುಗಿದ ಮೇಲೆ ಎಲೆ ಮೇಲೆ ಬರುವಂತೆ ನೋಡಿಕೊಳ್ಳಬೇಕು.

ಈಗ ತಳಿಗಳ ವಿಷಯ. ಪೆರುವಿನ ಲಿಮಾದಲ್ಲಿ 1971ರಿಂದ ಇರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದಲ್ಲಿ 4,000ಕ್ಕೂ ಹೆಚ್ಚು ನಾಟಿ ಆಲೂಗಡ್ಡೆ ಬಗೆಗಳನ್ನು ಕಾಪಾಡಿ ಇಟ್ಟಿದ್ದಾರೆ. ಅಷ್ಟರಲ್ಲಿ ಎಲ್ಲ ಕಡೆಗೂ ಒಪ್ಪುವ ಒಂದೇ ತಳಿ ಅಂತ ಯಾವುದೂ ಇಲ್ಲ. ಮನೆ ತೋಟಕ್ಕೆ ನಾನು ನೋಡುವ ಗುಣಗಳು ನಾಲ್ಕೇ. ಬೇಗ ಗೆಡ್ಡೆ ಕಟ್ಟಬೇಕು. ನಂಜು ಅಷ್ಟು ಸುಲಭಕ್ಕೆ ಹತ್ತಬಾರದು. ನೀರು ಒಂದೆರಡು ದಿನ ತಪ್ಪಿದರೂ ತಡೆಯಬೇಕು. ಬೇಯಿಸಲು, ಪಲ್ಯಕ್ಕೆ, ಹುರಿಯಲು ಎಲ್ಲಕ್ಕೂ ಸುಮಾರಾಗಿ ಹೊಂದಬೇಕು. ಇಳುವರಿಯಲ್ಲಿ ದಾಖಲೆ ಮಾಡುವ ತಳಿಯ ಹಿಂದೆ ನಾನಂತೂ ಹೋಗುವುದಿಲ್ಲ.

ಈ ಅಳತೆಗೆ ಚೆನ್ನಾಗಿ ನಿಲ್ಲುವುದು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ. ಬಿಳಿ ಸಿಪ್ಪೆ, ಮೊಟ್ಟೆಯಾಕಾರ, ಆಳವಿಲ್ಲದ ಕಣ್ಣು. ಬೆಟ್ಟದಲ್ಲೂ ಬಯಲಲ್ಲೂ ಹೊಂದಿಕೊಳ್ಳುತ್ತದೆ. ಬೇಗ ದಪ್ಪಗಾಗುತ್ತದೆ. ನನಗೆ ತುಂಬ ಇಷ್ಟವಾದ ಗುಣ ಅಂದರೆ ಸಾಮಾನ್ಯ ತಳಿಗಳಿಗಿಂತ ನಿಧಾನವಾಗಿ ಕೆಡುತ್ತದೆ. ನಂಜು ಸೇರಿ ಇಳುವರಿ ಕುಸಿಯುವುದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಅಂಗಮಾರಿ ರೋಗ (ಎಲೆ ಕಪ್ಪಾಗಿ ಪಾತಿಯೇ ಸುಟ್ಟ ಹಾಗಾಗುವ ರೋಗ) ಬರುವುದಿಲ್ಲ ಅಂತ ಬರೆದಿದ್ದರೆ ಅದನ್ನು ಈಗ ನಂಬಬೇಡಿ. ರೋಗಾಣು ಬದಲಾಗುತ್ತಾ ಬಂದು ಆ ತಡೆ ಮುರಿದು ಬಹಳ ಕಾಲವಾಯಿತು. ರಾತ್ರಿ ಸೆಕೆ ಜಾಸ್ತಿ ಇರುವ ಕಡೆಯವರಿಗೆ ಅದೇ ಸಂಸ್ಥೆಯ ಕುಫ್ರಿ ಸೂರ್ಯ ಮೇಲು. 2006ರಲ್ಲಿ ಬಂದ ಇದನ್ನು ಸೆಕೆಯಲ್ಲೂ ಗೆಡ್ಡೆ ಕಟ್ಟಲಿ ಅಂತಲೇ ಬೆಳೆಸಿದ್ದು.

ಬೇರೆ ದೇಶದ ತಳಿಗಳಲ್ಲಿ 1962ರ ಡಚ್ ತಳಿ ಡಿಸೈರಿ ನನ್ನ ಮೊದಲ ಆಯ್ಕೆ. ಕೆಂಪು ಸಿಪ್ಪೆ, ತಿಳಿ ಹಳದಿ ತಿರುಳು. ಬರ ತಡೆಯುವುದರಲ್ಲಿ ಗಟ್ಟಿ. ಮಣ್ಣು ಸುಣ್ಣದ್ದಾದರೆ ಮಾತ್ರ ಸಿಪ್ಪೆಯ ಮೇಲೆ ಕಜ್ಜಿ ಏಳುತ್ತದೆ. ಅಮೆರಿಕದ ಕೆನೆಬೆಕ್ 1948ರದ್ದು, ತುಂಬ ಕೊಡುವ ತಳಿ. ಆದರೆ ಗೆಡ್ಡೆ ಮೇಲ್ಮಣ್ಣಿನಲ್ಲೇ ಕೂರುವುದರಿಂದ ಬುಡಕ್ಕೆ ಮಣ್ಣು ಏರಿಸುವುದನ್ನು ಮರೆತರೆ ಹಸಿರಾಗುತ್ತದೆ. ಕೆನಡಾದಲ್ಲಿ 1980ರಲ್ಲಿ ಬಂದ ಯೂಕಾನ್ ಗೋಲ್ಡ್ ರುಚಿಗೆ ಹೆಸರು. ಬೇಗ ಬರುತ್ತದೆ, ಆದರೆ ಗಿಡಕ್ಕೆ ಗೆಡ್ಡೆಗಳ ಸಂಖ್ಯೆ ಕಡಿಮೆ. ಉದ್ದನೆಯ ಫ್ರೆಂಚ್ ಫ್ರೈಗೆ ಹೆಸರಾದ ರಸೆಟ್ ಬರ್ಬ್ಯಾಂಕ್ ಮಾತ್ರ ಮನೆ ತೋಟಕ್ಕೆ ಬೇಡ. ಅದಕ್ಕೆ ದೀರ್ಘ ಕಾಲ ಬೇಕು. ನೀರು ಸ್ವಲ್ಪ ಹೆಚ್ಚುಕಮ್ಮಿಯಾದರೂ ಗೆಡ್ಡೆ ಗಂಟುಗಂಟಾಗಿ ಸೊಟ್ಟಗಾಗುತ್ತದೆ.

ಇವುಗಳಲ್ಲಿ ಒಂದನ್ನೇ ಹಿಡಿದು ಕೂರಬೇಡಿ. ಜಾಗ ಎಷ್ಟೇ ಚಿಕ್ಕದಿರಲಿ, ಎರಡು ತಳಿ ಹಾಕಿ. ಒಂದು ಬೇಗ ಬರುವುದು, ಇನ್ನೊಂದು ಮಧ್ಯಮ ಅವಧಿಯದು. ಐರ್ಲೆಂಡಿನಲ್ಲಿ 1845ರಲ್ಲಿ ಅಂಗಮಾರಿ ಬಂದಾಗ ಬಡವರ ಹೊಲಗಳಲ್ಲಿ ಬಹುಪಾಲು ಇದ್ದದ್ದು ಲಂಪರ್ ಅನ್ನುವ ಒಂದೇ ತಳಿ. ಅದಕ್ಕೆ ಆ ರೋಗ ತಡೆಯುವ ಶಕ್ತಿ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ರೋಗದಿಂದ ಸತ್ತರು.

ಬಿತ್ತನೆ ಗೆಡ್ಡೆ ಕೊಳ್ಳುವಾಗ ಪ್ರಮಾಣಿತ ಅಂತ ಚೀಟಿ ಇರುವುದನ್ನೇ ಕೊಳ್ಳಿ. ಇವನ್ನು ಸಸ್ಯಹೇನಿನ ಕಾಟ ಕಡಿಮೆ ಇರುವ ತಂಪು ಜಾಗಗಳಲ್ಲಿ, ಅಥವಾ ಹೇನು ಕಡಿಮೆ ಇರುವ ಕಾಲ ನೋಡಿ ಬೆಳೆಯುತ್ತಾರೆ. ನಂಜು ಕಂಡ ಗಿಡವನ್ನು ಕಿತ್ತು ಹಾಕುತ್ತಾರೆ, ಮಾದರಿ ತೆಗೆದು ಪರೀಕ್ಷೆ ಮಾಡುತ್ತಾರೆ. ಅಂಗಾಂಶ ಕೃಷಿಯ (ಪ್ರಯೋಗಾಲಯದಲ್ಲಿ ಗಿಡದ ಸಣ್ಣ ತುಣುಕಿನಿಂದ ಬೆಳೆಸಿದ) ಗಿಡಗಳಿಂದ ಬಂದ ಪುಟ್ಟ ಗೆಡ್ಡೆ ಸಿಕ್ಕರೆ ಇನ್ನೂ ಒಳ್ಳೆಯದು. ಅಡುಗೆಗೆ ಮಾರುವ ಗೆಡ್ಡೆಗೆ ಮೊಳಕೆ ಬಾರದಂತೆ ಔಷಧಿ ಹಾಕಿರುವುದುಂಟು. ಹಾಕಿಲ್ಲದಿದ್ದರೂ ಅದರೊಳಗೆ ಏನಿದೆ ಅಂತ ಯಾರೂ ಪರೀಕ್ಷಿಸಿರುವುದಿಲ್ಲ. ನಂಜಿನ ಗಿಡವನ್ನಾದರೂ ಕಿತ್ತು ಎಸೆಯಬಹುದು. ಗಿಡ ಹಸಿರಾಗಿರುವಾಗಲೇ ಬಾಡಿಸುವ ಸೊರಗು ರೋಗದ ದುಂಡಾಣು (ಬ್ಯಾಕ್ಟೀರಿಯಾ) ಒಮ್ಮೆ ಮಣ್ಣಿಗೆ ಬಂದರೆ ವರ್ಷಗಟ್ಟಲೆ ಹೋಗುವುದಿಲ್ಲ. ನಾಲ್ಕು ಗೆಡ್ಡೆ ಉಳಿಸಲು ಹೋಗಿ ಇಡೀ ಪಾತಿ ಕಳೆದುಕೊಳ್ಳಬೇಡಿ ಅಂತ ಒತ್ತಿ ಹೇಳುವುದು ಇದಕ್ಕೇ.

ಗೆಡ್ಡೆಗೆ ವಯಸ್ಸು ಕೂಡ ಇದೆ. ಅಗೆದ ಮೇಲೆ ಎರಡು ಮೂರು ತಿಂಗಳು ಅದು ನಿದ್ದೆಯಲ್ಲಿರುತ್ತದೆ. ಆಗ ನೆಟ್ಟರೆ ಮಣ್ಣಿನಲ್ಲೇ ಕೊಳೆಯಬಹುದು. ನಿದ್ದೆ ಆಗಷ್ಟೇ ಮುಗಿದ ಎಳೆ ಗೆಡ್ಡೆಯಲ್ಲಿ ತುದಿಯ ಒಂದು ಕಣ್ಣು ಮಾತ್ರ ಮೊಳೆತು ಉಳಿದವನ್ನು ಏಳಲು ಬಿಡುವುದಿಲ್ಲ. ಒಂದೇ ಕಾಂಡ, ಕೆಲವೇ ಗೆಡ್ಡೆ. ವಯಸ್ಸು ಮೀರಿದ ಗೆಡ್ಡೆ ಇನ್ನೊಂದು ಅತಿರೇಕ. ಸುಕ್ಕಾಗಿರುತ್ತದೆ, ಮೊಳಕೆಗಳು ಕೂದಲಿನಷ್ಟು ತೆಳ್ಳಗಿರುತ್ತವೆ. ಅದನ್ನು ನೆಟ್ಟರೆ ಕೆಲವು ಸಲ ಎಲೆಯೇ ಬರುವುದಿಲ್ಲ, ಮಣ್ಣೊಳಗೇ ಕಡಲೆ ಗಾತ್ರದ ಮರಿ ಗೆಡ್ಡೆ ಹುಟ್ಟಿ ಮುಗಿದುಹೋಗುತ್ತದೆ. ನಮಗೆ ಬೇಕಾದದ್ದು ನಡುವಿನ ವಯಸ್ಸು. ಮೂರು ನಾಲ್ಕು ಕಣ್ಣು ಒಟ್ಟಿಗೇ ಮೊಳೆತಿರಬೇಕು.

ಆ ಹದಕ್ಕೆ ತರುವುದು ಕಷ್ಟವೇನಲ್ಲ. ನಾಟಿಗೆ ಮೂರು ನಾಲ್ಕು ವಾರ ಮೊದಲು ಗೆಡ್ಡೆಗಳನ್ನು ಮೊಟ್ಟೆಯ ಟ್ರೇಯಲ್ಲಿ ಒಂದೊಂದಾಗಿ ನಿಲ್ಲಿಸಿ. ಕಣ್ಣು ಜಾಸ್ತಿ ಇರುವ ತುದಿ ಮೇಲಿರಲಿ. ನೇರ ಬಿಸಿಲು ಬೀಳದ, ಬೆಳಕು ಚೆನ್ನಾಗಿರುವ, ಗಾಳಿಯಾಡುವ ಜಾಗದಲ್ಲಿಡಿ. ಬೆಳಕು ಇಲ್ಲಿ ಬಹಳ ಮುಖ್ಯ. ಕತ್ತಲೆಯಲ್ಲಿ ಬಂದ ಮೊಳಕೆ ಬಿಳಿಚಿಕೊಂಡು ಉದ್ದಕ್ಕೆ ಹರಿಯುತ್ತದೆ, ನೆಡುವಾಗ ಮುಟ್ಟಿದರೆ ಮುರಿಯುತ್ತದೆ. ಬೆಳಕಿನಲ್ಲಿ ಬಂದದ್ದು ಗಿಡ್ಡಗೆ, ದಪ್ಪಗೆ, ತಳಿಗೆ ತಕ್ಕಂತೆ ಹಸಿರು ಅಥವಾ ನೇರಳೆ ಬಣ್ಣದಲ್ಲಿ ಇರುತ್ತದೆ. ಹತ್ತಿರದಿಂದ ನೋಡಿದರೆ ಅದರ ಬುಡದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಕಾಣುತ್ತವೆ. ಅವೇ ಬೇರಿನ ಮೊಗ್ಗುಗಳು. ಮೊಳಕೆ ಒಂದರಿಂದ ಎರಡು ಸೆಂಟಿಮೀಟರ್ ಬಂದರೆ ನೆಡಲು ತಯಾರು. ಈ ಹೊತ್ತಿಗೂ ಮೊಳೆಯದ ಗೆಡ್ಡೆ, ಕೂದಲು ಮೊಳಕೆಯ ಗೆಡ್ಡೆ, ಒಂದು ಕಡೆ ಮೆತ್ತಗಾದ ಗೆಡ್ಡೆ ಸಿಕ್ಕರೆ ಮುಲಾಜಿಲ್ಲದೆ ತೆಗೆದುಹಾಕಿ.

ಕೋಳಿಮೊಟ್ಟೆಯಷ್ಟಿರುವ ಇಡೀ ಗೆಡ್ಡೆ ನೆಟ್ಟರೆ ಎಲ್ಲಕ್ಕಿಂತ ಕ್ಷೇಮ. ದೊಡ್ಡದನ್ನು ಕತ್ತರಿಸಲೇಬೇಕಾದರೆ ತುಂಡು 40-50 ಗ್ರಾಂ ತೂಗಬೇಕು, ಎರಡು ಮೂರು ಕಣ್ಣಿರಬೇಕು. ಕತ್ತರಿಸಿದ್ದನ್ನು ನೆರಳಿನಲ್ಲಿ ಮೂರು ನಾಲ್ಕು ದಿನ ಬಿಡಿ. ಕೊಯ್ದ ಮುಖ ತೊಗಲು ಕಟ್ಟಿಕೊಳ್ಳಲಿ. ಒಂದು ಗೆಡ್ಡೆ ಕತ್ತರಿಸಿ ಇನ್ನೊಂದಕ್ಕೆ ಹೋಗುವ ಮೊದಲು ಚಾಕುವನ್ನು ಕುದಿಯುವ ನೀರಿನಲ್ಲಿ ಅದ್ದಿ. ದುಂಡಾಣು ರೋಗ ಚಾಕುವಿನ ಮೂಲಕವೇ ಒಂದರಿಂದ ಒಂದಕ್ಕೆ ದಾಟುತ್ತದೆ. ಮಣ್ಣು ಬೆಚ್ಚಗೆ, ಒದ್ದೆಯಾಗಿರುವ ಕಡೆ ಕತ್ತರಿಸಿದ ತುಂಡು ಕೊಳೆಯುವುದು ಜಾಸ್ತಿ. ಅಂಥ ಕಡೆ ಇಡೀ ಗೆಡ್ಡೆಯನ್ನೇ ನೆಡಿ.

ಮಣ್ಣು ಸಡಿಲವಾಗಿ, ನೀರು ಬಸಿದು ಹೋಗುವಂತಿದ್ದರೆ ಸಾಕು. ರಸಸಾರ (pH) 5ರಿಂದ 6ರ ಆಸುಪಾಸಿನಲ್ಲಿದ್ದರೆ ಕಜ್ಜಿ ರೋಗ ಕಡಿಮೆ, ಹಾಗಾಗಿ ಪಾತಿಗೆ ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಸುರಿಯಬೇಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರವನ್ನು ಮೊದಲೇ ಬೆರೆಸಿ. ಹಸಿ ಗೊಬ್ಬರ ಬೇಡವೇ ಬೇಡ. ಮೇಲುಗೊಬ್ಬರ ಕೊಡುವುದಿದ್ದರೆ ಮಣ್ಣು ಏರಿಸುವಾಗ ಒಮ್ಮೆ ಕೊಡಿ, ಅದರಲ್ಲಿ ಪೊಟ್ಯಾಶ್ ಪಾಲು ಹೆಚ್ಚಿರಲಿ. ಗೆಡ್ಡೆಯನ್ನು 10-15 ಸೆಂಟಿಮೀಟರ್ ಆಳದಲ್ಲಿ, ಒಂದರಿಂದ ಒಂದಕ್ಕೆ 30 ಸೆಂಟಿಮೀಟರ್ ಬಿಟ್ಟು ನೆಡಿ. ಸಾಲಿನ ನಡುವೆ 60 ಸೆಂಟಿಮೀಟರ್ ಆದರೂ ಇರಲಿ. ಆ ಜಾಗ ಸುಮ್ನೆ ಬಿಟ್ಟಿದ್ದಲ್ಲ. ಬುಡಕ್ಕೆ ಏರಿಸುವ ಮಣ್ಣು ಅಲ್ಲಿಂದಲೇ ಬರಬೇಕು.

ನೆಟ್ಟ ಗೆಡ್ಡೆಯ ಮೇಲ್ಭಾಗದಲ್ಲಿ, ಮಣ್ಣಿನೊಳಗಿನ ಕಾಂಡದಲ್ಲಿ ಹೊಸ ಗೆಡ್ಡೆಗಳು ಹುಟ್ಟುತ್ತವೆ. ಅದಕ್ಕೇ ಬುಡಕ್ಕೆ ಮಣ್ಣು ಏರಿಸುವುದು. ಗಿಡ 20-25 ಸೆಂಟಿಮೀಟರ್ ಬಂದಾಗ ಒಮ್ಮೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ತುದಿಯ ಎಲೆಗಳು ಹೊರಗಿರಲಿ. ಇದರಿಂದ ಗೆಡ್ಡೆಗೆ ಜಾಗ ಸಿಗುತ್ತದೆ, ಮಣ್ಣು ತಂಪಾಗಿರುತ್ತದೆ, ಬೆಳಕು ತಾಗುವುದಿಲ್ಲ. ಬೆಳಕು ತಾಗಿದ ಗೆಡ್ಡೆ ಹಸಿರಾಗುತ್ತದೆ. ಹಸಿರು ಬಣ್ಣ ಬರೀ ಪತ್ರಹರಿತ್ತು, ಅದರಿಂದ ತೊಂದರೆ ಇಲ್ಲ. ಆದರೆ ಅದರ ಜೊತೆಜೊತೆಗೇ ಸೊಲನಿನ್, ಚಕೋನಿನ್ ಅನ್ನುವ ವಿಷಗಳೂ ಏರುತ್ತವೆ. ಒಂದು ಕಿಲೋಗೆ 200 ಮಿಲಿಗ್ರಾಂ ದಾಟಿದರೆ ತಿನ್ನಲು ಯೋಗ್ಯವಲ್ಲ ಅನ್ನುವುದು ಎಲ್ಲ ಕಡೆ ಒಪ್ಪಿರುವ ಮಿತಿ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಪೂರ್ತಿ ಹಸಿರಾದದ್ದನ್ನು ಎಸೆಯಿರಿ. ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ರಾಜಿ ಬೇಡ. ಗಿಡದಲ್ಲಿ ಬಿಡುವ ಪುಟ್ಟ ಹಸಿರು ಕಾಯಿಗಳೂ ವಿಷವೇ.

ಆ ಕಾಯಿಯೊಳಗಿನ ಬೀಜದಿಂದ ಅದೇ ತಳಿ ಬರುತ್ತದಾ ಅಂತ ಹಲವರು ಕೇಳುತ್ತಾರೆ. ಬರುವುದಿಲ್ಲ. ಒಂದೊಂದು ಬೀಜವೂ ಒಂದೊಂದು ಹೊಸ ತಳಿ. ಲೂಥರ್ ಬರ್ಬ್ಯಾಂಕ್ 1870ರ ದಶಕದಲ್ಲಿ ಅರ್ಲಿ ರೋಸ್ ತಳಿಯ ಒಂದೇ ಕಾಯಿಯ 23 ಬೀಜ ಬಿತ್ತಿ, ಬಂದ ಗಿಡಗಳಲ್ಲಿ ಒಂದನ್ನು ಆರಿಸಿಕೊಂಡ. ಮುಂದೆ ಬರ್ಬ್ಯಾಂಕ್ ಆಲೂಗಡ್ಡೆ ಅಂತ ಹೆಸರಾದದ್ದು ಅದೇ. ಹೊಸ ತಳಿ ಹುಡುಕುವ ಆಸೆ ಇದ್ದರೆ ಬಿತ್ತಿ ನೋಡಿ. ನಂಬಿಕೆಯ ಬೆಳೆ ಬೇಕಾದರೆ ಗೆಡ್ಡೆಯೇ ದಾರಿ.

ಇನ್ನು ನಿಮ್ಮ ಚೀಲದ ಪ್ರಶ್ನೆ. ಪದರ ಪದರವಾಗಿ ಮಣ್ಣು ಹಾಕುತ್ತಾ ಎದೆಯೆತ್ತರ ಏರಿಸಿದರೆ ಪ್ರತಿ ಪದರದಲ್ಲೂ ಗೆಡ್ಡೆ ತುಂಬುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗೆಡ್ಡೆ ಬಿಡುವ ಕವಲುಗಳು ಹೆಚ್ಚಾಗಿ ಹೊರಡುವುದು ಕಾಂಡದ ಬುಡದ ಗಿಣ್ಣುಗಳಿಂದ, ಅದೂ ಬೆಳೆಯ ಆರಂಭದ ವಾರಗಳಲ್ಲಿ. ಆಮೇಲೆ ಒಂದು ಮೀಟರ್ ಮಣ್ಣು ಹೇರಿದರೂ ಮೇಲಿನ ಪದರಗಳು ಬಹುತೇಕ ಖಾಲಿಯೇ ಸಿಗುತ್ತವೆ. ಪ್ರತಿ ಸಲ ಎಲೆ ಮುಚ್ಚಿಹೋದಾಗ ಆಹಾರ ತಯಾರಿಕೆಯೂ ಅಷ್ಟು ಕಡಿಮೆಯಾಗುತ್ತದೆ. ಚೀಲದಲ್ಲಿ ಬೆಳೆಯುವುದು ತಪ್ಪೇನಲ್ಲ, ಚೆನ್ನಾಗೇ ಬರುತ್ತದೆ. ಒಂದು ಗಿಡಕ್ಕೆ 12-15 ಲೀಟರ್ ಮಣ್ಣು ಲೆಕ್ಕ ಹಿಡಿಯಿರಿ. ಅರ್ಧಕ್ಕಿಂತ ಕೆಳಗೆ ನೆಟ್ಟು, ಒಂದೆರಡು ಸಲ ಏರಿಸಿ ಚೀಲ ತುಂಬಿಸಿ, ಅಲ್ಲಿಗೆ ನಿಲ್ಲಿಸಿ. ಕಪ್ಪು ಚೀಲ ಬಿಸಿಲಿಗೆ ಕಾದು ಒಳಗಿನ ಮಣ್ಣನ್ನೂ ಕಾಯಿಸುತ್ತದೆ. ಅದರ ಸುತ್ತ ಗೋಣಿಚೀಲ ಕಟ್ಟಿ, ಇಲ್ಲವೇ ತಿಳಿ ಬಣ್ಣದ ಚೀಲ ಆರಿಸಿ.

ನೀರಿನ ವಿಷಯದಲ್ಲಿ ಅಳತೆಗಿಂತ ಸಮನಾಗಿ ಕೊಡುವುದು ಮುಖ್ಯ. ಒಂದು ಚದರ ಮೀಟರಿಗೆ ವಾರಕ್ಕೆ 25ರಿಂದ 35 ಲೀಟರ್ ಸಾಕಾಗುತ್ತದೆ. ಅದನ್ನು ಎರಡು ಮೂರು ಸಲ ಹಂಚಿ ಕೊಡಿ. ಗೆಡ್ಡೆ ಕಟ್ಟುವ ವಾರಗಳಲ್ಲಿ ಮಣ್ಣು ಒಣಗಿದರೆ ಕಜ್ಜಿ ಹೆಚ್ಚುತ್ತದೆ, ಗೆಡ್ಡೆಯ ಸಂಖ್ಯೆಯೂ ಕುಗ್ಗುತ್ತದೆ. ಒಣಗಿಸಿ ಒಮ್ಮೆಲೇ ನೀರು ನಿಲ್ಲಿಸಿದರೆ ಗೆಡ್ಡೆ ಸೀಳುತ್ತದೆ, ಇಲ್ಲವೇ ಮೈಮೇಲೆ ಗಂಟು ಬೆಳೆಯುತ್ತದೆ. ಹುಲ್ಲು ಅಥವಾ ಒಣ ಎಲೆಯ ಹೊದಿಕೆ ಹಾಕಿದರೆ ಅರ್ಧ ಚಿಂತೆ ಹೋಯಿತು. ಮಣ್ಣನ್ನು ತಂಪಾಗಿಯೂ ಇಡುತ್ತದೆ.

ರೋಗಗಳಲ್ಲಿ ಎರಡನ್ನು ಗುರುತಿಸಲು ಕಲಿತುಕೊಳ್ಳಿ. ತಂಪು ಹವೆ, ಮೋಡ, ಮಂಜು, ತುಂತುರು ಸೇರಿದರೆ ಅಂಗಮಾರಿ ಬರುತ್ತದೆ. ಎಲೆಯ ತುದಿ, ಅಂಚಿನಲ್ಲಿ ಬಿಸಿನೀರು ಬಿದ್ದಂಥ ಕಲೆ ಏಳುತ್ತದೆ, ಬೇಗ ಕಪ್ಪಾಗುತ್ತದೆ. ಬೆಳಗ್ಗೆ ಎಲೆ ಮಗುಚಿ ನೋಡಿದರೆ ಕಲೆಯ ಸುತ್ತ ತೆಳು ಬಿಳಿ ಬೂಷ್ಟು. ಒಂದು ವಾರದಲ್ಲಿ ಪಾತಿ ಸುಟ್ಟ ಹಾಗಾಗುತ್ತದೆ. ನೀರು ಎಲೆಗೆ ಬೀಳದಂತೆ ಬುಡಕ್ಕೇ ಕೊಡಿ. ತಾಮ್ರದ ಔಷಧಿ ರೋಗ ಬರುವ ಮೊದಲು ಹೊಡೆದರೆ ಮಾತ್ರ ಉಪಯೋಗ. ರೋಗ ಹಬ್ಬಿಬಿಟ್ಟರೆ ಗಿಡಗಳನ್ನು ಬುಡಕ್ಕೆ ಕತ್ತರಿಸಿ ದೂರ ಸಾಗಿಸಿ, ಎರಡು ವಾರ ಬಿಟ್ಟು ಗೆಡ್ಡೆ ತೆಗೆಯಿರಿ. ಆತುರಕ್ಕೆ ಅವತ್ತೇ ಅಗೆದರೆ ಎಲೆಯ ರೋಗಾಣು ಗೆಡ್ಡೆಗೆ ಹತ್ತಿ ಮನೆಯಲ್ಲಿಟ್ಟ ಮೇಲೆ ಕೊಳೆಯುತ್ತದೆ.

ಎರಡನೆಯದು ಆಗಲೇ ಹೇಳಿದ ಸೊರಗು ರೋಗ. ಗಿಡ ಹಸಿರಾಗಿರುವಾಗಲೇ ಮಧ್ಯಾಹ್ನ ಜೋತು ಬೀಳುತ್ತದೆ, ನೀರು ಕೊಟ್ಟರೂ ಏಳುವುದಿಲ್ಲ. ಅನುಮಾನ ಬಂದರೆ ಕಾಂಡದ ಬುಡದಿಂದ ಎರಡು ಮೂರು ಸೆಂಟಿಮೀಟರ್ ತುಂಡು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕತ್ತರಿಸಿದ ತುದಿ ಮಾತ್ರ ನೀರಿಗೆ ತಾಗುವಂತೆ ಹಿಡಿಯಿರಿ. ಕೈ ಅಲುಗಬಾರದು. ದುಂಡಾಣು ಇದ್ದರೆ ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಎಳೆ ನಿಧಾನವಾಗಿ ಕೆಳಗಿಳಿಯುತ್ತದೆ. ಕಂಡರೆ ಆ ಗಿಡ, ಅಕ್ಕಪಕ್ಕದ ಗಿಡ, ಬುಡದ ಮಣ್ಣು ಎಲ್ಲ ತೆಗೆಯಿರಿ. ಮೂರು ನಾಲ್ಕು ವರ್ಷ ಅಲ್ಲಿ ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ. ಜೋಳ, ಮೆಕ್ಕೆಜೋಳ ಹಾಕಬಹುದು. ರೋಗ ಇಲ್ಲದಿದ್ದರೂ ಈ ನಾಲ್ಕನ್ನು ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದು ಹಾಕುವ ಅಭ್ಯಾಸ ಬಿಡಿ.

ಎಲೆ ಹಳದಿಯಾಗಿ ಗಿಡ ಮಲಗತೊಡಗಿದಾಗ ನೀರು ನಿಲ್ಲಿಸಿ. ಕಾಂಡ ಕತ್ತರಿಸಿ ಹತ್ತರಿಂದ ಹದಿನಾಲ್ಕು ದಿನ ಗೆಡ್ಡೆಯನ್ನು ಮಣ್ಣಲ್ಲೇ ಬಿಡಿ. ಒಂದು ಗೆಡ್ಡೆ ತೆಗೆದು ಹೆಬ್ಬೆರಳಿನಿಂದ ಒತ್ತಿ ಉಜ್ಜಿ ನೋಡಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಕಾಯಬೇಕು. ಅಗೆದದ್ದನ್ನು ರಾತ್ರಿ ಹೊರಗೆ ಬಿಡಬೇಡಿ. ಗೆಡ್ಡೆ ಕೊರೆಯುವ ಪತಂಗ ಬಂದು ಕಣ್ಣಿನ ಗುಳಿಯಲ್ಲಿ ಮೊಟ್ಟೆ ಇಡುತ್ತದೆ. ತೊಳೆಯಬೇಡಿ, ಮಣ್ಣು ಕೊಡವಿದರೆ ಸಾಕು. ಕತ್ತಲೆಯಲ್ಲಿ ಗಾಳಿಯಾಡುವ ಕಡೆ ಎರಡು ವಾರ ಹರಡಿಟ್ಟರೆ ಸಣ್ಣ ಗಾಯಗಳೆಲ್ಲ ಮಾಯುತ್ತವೆ. ಅಡುಗೆಯದ್ದನ್ನು ಫ್ರಿಜ್‌ನಲ್ಲಿ ಇಡದಿರುವುದು ಮೇಲು. ತೀರಾ ತಂಪಿನಲ್ಲಿ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ. ಆರೋಗ್ಯವಾದ ಬಿತ್ತನೆ ಹಾಕಿ ಹವೆಯೂ ಕೂಡಿ ಬಂದರೆ ಗಿಡಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ನಿರೀಕ್ಷಿಸಬಹುದು.

ಮುಂದಿನ ಬೆಳೆಗೆ ನಿಮ್ಮದೇ ಗೆಡ್ಡೆ ಇಟ್ಟುಕೊಳ್ಳುವ ಆಸೆ ಇದ್ದರೆ ಇಟ್ಟುಕೊಳ್ಳಿ, ಆದರೆ ಆರಿಸುವ ಕೆಲಸವನ್ನು ರಾಶಿಯ ಮುಂದೆ ಕೂತು ಮಾಡಬೇಡಿ. ಗಿಡ ಹಸಿರಾಗಿ ನಿಂತಿರುವಾಗಲೇ ಪಾತಿಗೆ ಹೋಗಿ. ಎಲೆ ಸಪಾಟಾಗಿರುವ, ತೇಪೆ ಇಲ್ಲದ, ಮೂರು ನಾಲ್ಕು ದಪ್ಪ ಕಾಂಡಗಳಿರುವ ಗಿಡಗಳನ್ನು ಹುಡುಕಿ ಪಕ್ಕಕ್ಕೆ ಒಂದೊಂದು ಕಡ್ಡಿ ನೆಡಿ. ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಎಲೆ ಸುರುಟಿದ್ದರೆ ಕಡ್ಡಿ ಕಿತ್ತುಬಿಡಿ. ಕೊನೆಗೆ ಕಡ್ಡಿ ಉಳಿದ ಗಿಡಗಳನ್ನು ಮೊದಲೇ ಬೇರೆಯಾಗಿ ಅಗೆದು, ಚೆನ್ನಾಗಿ ಗೆಡ್ಡೆ ಬಿಟ್ಟವುಗಳಿಂದ ಮಾತ್ರ ಕೋಳಿಮೊಟ್ಟೆ ಗಾತ್ರದವನ್ನು ತೆಗೆದಿಡಿ. ಸೊರಗು ರೋಗ ಕಂಡ ಪಾತಿಯಿಂದ ಒಂದನ್ನೂ ಇಡಬೇಡಿ. ಹೀಗೆ ಎರಡು ಬೆಳೆ ಧೈರ್ಯವಾಗಿ ತೆಗೆಯಬಹುದು, ಕುಫ್ರಿ ಜ್ಯೋತಿಯಂಥ ನಿಧಾನವಾಗಿ ಕೆಡುವ ತಳಿಯಾದರೆ ಮೂರು. ಅದಾದ ಮೇಲೆ ಹೊಸ ಪ್ರಮಾಣಿತ ಗೆಡ್ಡೆ ತನ್ನಿ. ಈಗ ಕೈಯಲ್ಲಿರುವ ಗೋಲಿ ಗೆಡ್ಡೆಗಳಲ್ಲಿ ಹಸಿರಾಗದವನ್ನು ಅಡುಗೆಗೆ ಬಳಸಿ ಮುಗಿಸಿ. ಅವುಗಳಲ್ಲಿ ಒಂದೂ ಮತ್ತೆ ಮಣ್ಣಿಗೆ ಹೋಗುವುದು ಬೇಡ.